ಬುಧವಾರ ತೆರೆಯುವ ಬಾಗಿಲು

ಕಂಪ್ಯೂಟರಿನ ಬಿಳಿ ಪರದೆಯ ಮೇಲೊಂದು ನೊಣ, ಎಡದಿಂದ ಬಲಕ್ಕೆ ನಡೆಯುತ್ತಿದೆ, ಅಲ್ಲಿರುವ ಒಂದೇ ಒಂದು ಸಾಲಿನ ಮೇಲೇ ನಡೆಯುತ್ತಿದೆ, ಓದು ಬರುವ ನೊಣವೇ ಇರಬೇಕು — ಮಾಹಿತಿ ಸಿಗುತ್ತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ — ಓದಿ ಮುಗಿಸಿತು, ಈಗ ಅಂಚಿನಲ್ಲಿ ಕೂತು ಕೈ ಉಜ್ಜಿಕೊಳ್ಳುತ್ತಿದೆ, ನನಗೇನಪ್ಪ ಆಗಬೇಕು ಎನ್ನುವ ಹಾಗೆ, ನನಗೂ ಅಷ್ಟೇ, ನನಗೇನಾಗಬೇಕು, ಹತ್ತೂವರೆ ಆಯಿತು, ಒಂಬತ್ತರಿಂದ ಕಟ್ಟೆ ಬಿದ್ದಿದೆ, ಬಿದ್ದರೆ ಬೀಳಲಿ, ಹದಿನೇಳು ವರ್ಷ ನಿಂತಿತ್ತಲ್ಲ, ಮನುಷ್ಯರೇ ಒಂದು ಕಡೆ ಅಷ್ಟು ದಿನ ನಿಲ್ಲುವುದಿಲ್ಲ. ಫೋನು ಮೇಜಿನ ಮೇಲೆ ಗುರ್ ಎನ್ನುತ್ತಾ ಜರುಗಿ ಜರುಗಿ ಎಣ್ಣೆ ಡಬ್ಬಿಗೆ ತಾಗಿ ನಿಂತಿತು, ಬಾಬಿನ್ ಇರಬೇಕು, ಹೌದು ಬಾಬಿನ್ನೇ, ಅದು ಅವನ ಹೆಸರಲ್ಲ, ಕಟ್ಟೆಯಲ್ಲಿ ಯಾರಿಗೂ ಅವರವರ ಹೆಸರಿಲ್ಲ, ಕಾರ್ಖಾನೆಯಲ್ಲಿ ಮೂವತ್ತು ವರ್ಷ ಹೊಲಿಗೆ ಮೆಷಿನ್ ರಿಪೇರಿ ಮಾಡಿ ಈಗ ಮನೆಯಲ್ಲಿ ಕೂತು ಹರಟುವ ಮನುಷ್ಯ, ಏನಯ್ಯಾ ಕಟ್ಟೆ ಕಾಯೋನೇ, ಬಾಗಿಲು ಹಾಕ್ಕೊಂಡು ಒಳಗೇನು ಮಾಡ್ತಿದೀಯ, ಇನ್ನೇನು ಮಾಡ್ಲಿ ರಿಪೇರಿ ಮಾಡ್ತಿದೀನಿ, ರಿಪೇರಿಯೋರ ಕಟ್ಟೇನೇ ರಿಪೇರಿಗೆ ಬಂತಲ್ಲಯ್ಯಾ, ಎಂದು ಕೆಮ್ಮುತ್ತಾ ನಗುತ್ತಾನೆ, ಅವನ ನಗು ಮುಗಿಯುವಷ್ಟರಲ್ಲಿ ನೊಣ ಇನ್ನೊಂದು ಸಲ ಓದಿತು. ನಾನು ಫೋನು ಕವುಚಿಟ್ಟೆ.

ಕಟ್ಟೆ ಕಟ್ಟಿದವನು ನಾನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು, ಯಾರಿಗೆ ಹೇಳಬೇಕೋ ಗೊತ್ತಿಲ್ಲ, ನೊಣಕ್ಕೇ ಹೇಳಬೇಕು, ಕಟ್ಟಿದವನು ತಾತ, ಎಲ್ಲರಿಗೂ ತಾತ, ಹಳೆಯ ಹೊಲಿಗೆ ಮೆಷಿನ್ನುಗಳ ಹೊಟ್ಟೆಯೊಳಗಿನದೆಲ್ಲ ಬಲ್ಲವನು, ತನಗೆ ಗೊತ್ತಿದ್ದದ್ದೆಲ್ಲ ಫೋಟೊ ತೆಗೆದು ಬರೆದಿಡಬೇಕು ಅಂತ ಯಾರನ್ನೋ ಹಿಡಿದು ಇಂಟರ್ನೆಟ್ಟಿನಲ್ಲಿ ಈ ಜಗಲಿ ಹಾಕಿಸಿದ, ಮೆಷಿನ್ ಕಟ್ಟೆ ಅಂತ ಹೆಸರಿಟ್ಟ, ಯಾರ ಮೆಷಿನ್ ಕೆಟ್ಟರೂ ಇಲ್ಲಿ ಬಂದು ಕೇಳಬಹುದು, ಗೊತ್ತಿದ್ದವರು ಹೇಳುತ್ತಾರೆ, ಸರಿಹೋದ ಮೇಲೆ ಕೇಳಿದವರು ಹೊಲಿಗೆ ಬಂತು ಅಂತ ಎರಡು ಪದ ಬರೆಯಬೇಕು, ಬರೆಯದೆ ಹೋದರೆ ಬಾಬಿನ್ ಬೈಯುತ್ತಾನೆ, ಅದು ಪದ್ಧತಿ. ತಾತ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ, ಸೂಜಿ ಪೊಟ್ಟಣದ ಹಿಂದೆ ಪಾಸ್‌ವರ್ಡ್ ಬರೆದು ಕೈಗಿಟ್ಟ, ನನಗೆ ಕಂಪ್ಯೂಟರ್ ಬರಲ್ಲ ತಾತ, ನನಗೇನು ಬರ್ತಿತ್ತೇನೋ, ಎಣ್ಣೆ ಹಾಕ್ತಾ ಇರು ಸಾಕು — ಹಾಕುತ್ತಾ ಬಂದೆ, ಆರು ವರ್ಷ, ಅಂಗಡಿಯ ಮುಂದಿನ ಭಾಗದಲ್ಲಿ ಮೆಷಿನ್ ರಿಪೇರಿ, ಮೂಲೆಯ ಮೇಜಿನಲ್ಲಿ ಇದು, ಹಿಂದಿನ ಕೋಣೆಯಲ್ಲಿ ಮನೆಯವಳು ಯಾವುದೋ ಹೋಟೆಲಿಗೆ ಪರದೆ ಹೊಲಿಯುತ್ತಾಳೆ, ಅವಳ ಮೆಷಿನ್ನಿನ ಸದ್ದು ಈಗ ನಿಂತಿದೆ, ನಿಂತರೆ ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದರ್ಥ. ಪ್ರಶ್ನೆ ಹಾಕುವ ಪುಟ ಒಮ್ಮೊಮ್ಮೆ ಎರಡೆರಡು ಸಲ ಬರುತ್ತಿತ್ತು, ಫೋಟೊಗಳು ತಲೆಕೆಳಗಾಗುತ್ತಿದ್ದವು, ಮಳೆಗಾಲ ಚಳಿಗಾಲ ಎನ್ನದೆ ಕಟ್ಟೆಯ ಗಡಿಯಾರ ಏಳು ನಿಮಿಷ ಹಿಂದೆ, ಯಾವುದನ್ನೂ ಸರಿಮಾಡಲಿಲ್ಲ, ಸುಮ್ಮನೆ ಓಡುವಂತೆ ನೋಡಿಕೊಂಡೆ, ಹಳೆಯ ಯಂತ್ರದ ಎಲ್ಲ ಸದ್ದನ್ನೂ ನಿಲ್ಲಿಸಲು ಹೋಗಬಾರದು.

ಇವತ್ತು ಮಾತ್ರ ಹೋದೆ. ಒಂಬತ್ತಕ್ಕೆ ಪುಟ ನಿಧಾನವಾಯಿತು, ಒಂದು ಗುಂಡಿ ಒತ್ತಿದರೆ ಅರ್ಧ ನಿಮಿಷ, ಏನೋ ಸಿಕ್ಕಿಕೊಂಡಿದೆ ಅನ್ನಿಸಿತು, ಸಿಕ್ಕಿಕೊಂಡಾಗ ಏನು ಮಾಡಬೇಕು ಅಂತ ನನ್ನ ಕಾಲಿಗೆ ಗೊತ್ತು, ಅಪ್ಪ ಹೇಳಿಕೊಟ್ಟ ಮೊದಲ ಪಾಠವೇ ಅದು, ದಾರ ಸಿಕ್ಕಿಕೊಂಡ್ರೆ ಮೊದಲು ಕಾಲು ತೆಗಿ ಆಮೇಲೆ ಕಣ್ಣು ಹಾಕು, ಕಾಲು ತೆಗೆದೆ, ಅಂದರೆ ಸರ್ವರನ್ನು ಒಂದೇ ಏಟಿಗೆ ನಿಲ್ಲಿಸಿದೆ, ಹೊಲಿಗೆ ಮೆಷಿನ್ ಆಗಿದ್ದರೆ ಸೂಜಿ ಉಳಿಯುತ್ತಿತ್ತು, ಬಟ್ಟೆ ಉಳಿಯುತ್ತಿತ್ತು, ಇದು ಒಳಗೆ ಏನನ್ನೋ ಬರೆದುಕೊಳ್ಳುತ್ತಿತ್ತಂತೆ, ಅರ್ಧ ಬರೆದದ್ದು ಅರ್ಧಕ್ಕೇ ಹೋಯಿತಂತೆ, ಬರೆದುಕೊಳ್ಳುತ್ತಿದ್ದ ಪುಸ್ತಕವೇ ಹರಿದುಹೋಯಿತಂತೆ, ಹಾಗಂತ ಹೇಳಿದವಳು ಸರ್ವರ್ ಬಾಡಿಗೆಗೆ ಕೊಡುವ ಕಂಪನಿಯ ಹೆಂಗಸು, ಸರ್ ಅದು ರನ್ ಆಗ್ತಿರುವಾಗ ಯಾರಾದ್ರೂ ಆಫ್ ಮಾಡ್ತಾರಾ, ನಮ್ಮ ಕಸುಬಿನಲ್ಲಿ ಮಾಡ್ತೀವಮ್ಮ, ನಮ್ಮಲ್ಲಿ ಮಾಡಲ್ಲ ಸರ್. ಜಾಣೆ, ಕೋಪವಿಲ್ಲ, ಅವಳ ಹಿಂದೆ ಇನ್ನೂ ಹತ್ತು ಜನ ಹಾಗೇ ಸರ್ ಸರ್ ಎನ್ನುವುದು ಕೇಳಿಸುತ್ತದೆ, ಸರ್ ನಿಮಗೆ ಎರಡು ದಾರಿ ಇದೆ, ಮಂಗಳವಾರ ರಾತ್ರಿಯ ಬ್ಯಾಕಪ್ ಚೆನ್ನಾಗಿದೆ, ಅದನ್ನ ಹೊಸ ಸರ್ವರಿಗೆ ಹಾಕಿದ್ರೆ ಅರ್ಧ ಗಂಟೆ, ಮಂಗಳವಾರದವರೆಗಿನದ್ದೆಲ್ಲ ಬರುತ್ತೆ, ಆಮೇಲಿನದ್ದು ಬರಲ್ಲ, ಇಲ್ಲ ಅಂದ್ರೆ ಕೆಟ್ಟಿರೋದನ್ನೇ ಹೊಸದಕ್ಕೆ ಎತ್ತಿ ಹಾಕಿ ರಿಪೇರಿ ಮಾಡಿ ನೋಡಬಹುದು, ಎರಡು ದಿನ ಹಿಡಿಯುತ್ತೆ, ಬಂದ್ರೂ ಬಂತು ಹೋದ್ರೂ ಹೋಯ್ತು, ಗ್ಯಾರಂಟಿ ಇಲ್ಲ, ಆದರೆ ಸರ್, ನಿಮ್ಮ ಹಳೇ ಸರ್ವರ್ ಇವತ್ತು ಮಧ್ಯಾಹ್ನ ಎರಡಕ್ಕೆ ತೆಗೀತಿದೀವಿ, ಮೂರು ಸಲ ಮೇಲ್ ಮಾಡಿದ್ವಿ. ಮಾಡಿರಬಹುದು, ಇಂಗ್ಲಿಷಿನಲ್ಲಿ ಬಂದದ್ದನ್ನೆಲ್ಲ ಜಾಹೀರಾತು ಅಂತ ನಾನೇ ಬದಿಗೆ ತಳ್ಳಿದ್ದೇನೆ. ಎರಡನ್ನೂ ಇಟ್ಟುಕೊಳ್ಳೋಕೆ ಆಗಲ್ವೇನಮ್ಮ, ಜಾಗ ಇಲ್ಲ ಸರ್, ಒಂದರ ಮೇಲೆ ಒಂದು ಕೂರುತ್ತೆ, ಮಧ್ಯಾಹ್ನ ಒಂದರೊಳಗೆ ಹೇಳಿ. ಹೇಳುತ್ತೇನೆ ಅಂದೆ.

ಮಂಗಳವಾರದ ಆಚೆ ಏನಿತ್ತು, ಲೆಕ್ಕಕ್ಕೆ ತೆಗೆದುಕೊಂಡರೆ ಹುಲ್ಲುಕಡ್ಡಿಯಷ್ಟೂ ಇಲ್ಲ, ಬಾಬಿನ್ನನ ಮೊಣಕಾಲು ನೋವಿನ ವರದಿ, ಬೆಲ್ಟು ಎಲ್ಲಿ ಸಿಗುತ್ತದೆ ಅಂತ ಯಾರೋ ಕೇಳಿದ್ದು, ಎಲ್ಲೂ ಸಿಗುವುದಿಲ್ಲ ಅಂತ ಏಳು ಜನ ಹೇಳಿದ್ದು, ಗುಂಡಿ ಕಾಜಾ ಬಗ್ಗೆ ಒಂದು ಜಗಳ, ಹೋದರೆ ಯಾರ ಗಂಟೂ ಹೋಗುವುದಿಲ್ಲ — ಇನ್ನೊಂದಿತ್ತು. ಗುರುವಾರ ಸಂಜೆ ಬಂದದ್ದು. ನನಗೇ ಬಂದದ್ದು, ಕಟ್ಟೆಯ ಒಳಗಡೆ ಒಬ್ಬರಿಗೊಬ್ಬರು ಖಾಸಗಿಯಾಗಿ ಬರೆಯುವ ಜಾಗವಿದೆಯಲ್ಲ ಅಲ್ಲಿ, ನಾನು ತೆರೆಯಲಿಲ್ಲ, ನಿಮಗೊಂದು ಪತ್ರ ಬಂದಿದೆ ಅಂತ ಫೋನಿಗೆ ಮೇಲ್ ಬಂತು, ಮೇಲ್‌ನಲ್ಲಿ ಪತ್ರದ ಮೊದಲ ಐವತ್ತು ಅಕ್ಷರ ಮಾತ್ರ ಬರುತ್ತದೆ, ಅದನ್ನು ಐವತ್ತಕ್ಕೆ ಕತ್ತರಿಸಿದವನೂ ನಾನೇ, ಬಾಬಿನ್ ಪುಟಗಟ್ಟಲೆ ಬರೆದು ಎಲ್ಲರ ಮೇಲ್ ತುಂಬಿಸುತ್ತಿದ್ದ ಅಂತ, ಆ ಯಂತ್ರ ಒತ್ತು ಕೊಂಬು ದೀರ್ಘ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ, ಐವತ್ತು ಅಂದರೆ ಒಂದೇ ಒಂದು ಉಸಿರು — ಅಣ್ಣ, ಅವತ್ತು ಮೆಷಿನ್ ಕೈ ಜಾರಿದ್ದು ನನ್ನಿಂದಲೇ, ಆದ್ರೆ — ಅಷ್ಟೇ, ಆಮೇಲೆ ಮೂರು ಚುಕ್ಕಿ. ಬರೆದವನ ಹೆಸರು ಎಡಗೈ. ಹನ್ನೊಂದು ವರ್ಷದ ಮೇಲೆ ನನ್ನನ್ನು ಅಣ್ಣ ಎಂದವನು, ಅದೂ ಐವತ್ತರಲ್ಲಿ ನಾಲ್ಕು ಅಕ್ಷರ ಅದಕ್ಕೇ ಖರ್ಚು ಮಾಡಿ. ತಮ್ಮ ಅಂತ ಬುಧವಾರವೇ ಗೊತ್ತಾಗಿತ್ತು, ಹೊಸಬರಿಗೆ ಬುಧವಾರ ಮಾತ್ರ ಬಾಗಿಲು, ಎಲ್ಲ ದಿನ ತೆರೆದಿಟ್ಟರೆ ಕೂದಲು ಬೆಳೆಯುವ ಔಷಧ ಮಾರುವವರು ನುಗ್ಗುತ್ತಾರೆ, ಬಂದವರು ಒಂದು ಪ್ರಶ್ನೆಗೆ ಉತ್ತರ ಹೇಳಬೇಕು, ತಾತ ಇಟ್ಟ ಪ್ರಶ್ನೆ, ನೀವು ಮೊದಲು ಬಿಚ್ಚಿದ ಮೆಷಿನ್ ಯಾವುದು, ಔಷಧದವರು ಅಲ್ಲಿ ಸಿಕ್ಕಿಬೀಳುತ್ತಾರೆ, ಎಡಗೈ ಎನ್ನುವವನು ಬರೆದಿದ್ದ, ಅಪ್ಪನದು, ಅಣ್ಣ ಊಟಕ್ಕೆ ಹೋದಾಗ. ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ, ಒಬ್ಬನೇ ಕೂತು ನಕ್ಕೆ, ಒಪ್ಪಿಗೆಯ ಗುಂಡಿ ಒತ್ತಿ ಎದ್ದು ಹೋಗಿ ಮುಖ ತೊಳೆದೆ.

ಮತ್ತೆ ಯಾಕೆ ತೆರೆಯಲಿಲ್ಲ — ಮನೆಯವಳು ಬಾಗಿಲಲ್ಲಿ ನಿಂತು ಅದನ್ನೇ ಕೇಳುತ್ತಿದ್ದಾಳೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ನಿನ್ನೆ ಸಂಜೆ ಬಂದಿದ್ದನ್ನ ನಿನ್ನೇನೇ ನೋಡಿದ್ರೆ ಏನಾಗ್ತಿತ್ತುರೀ, ಕೆಲಸ ಇತ್ತು, ಏನು ಕೆಲಸ, ನಿನ್ನೆ ಸಂಜೆ ನೀವು ಕಾಲು ಚಾಚ್ಕೊಂಡು ಬಾಬಿನ್ ಮೊಣಕಾಲು ಓದ್ತಿದ್ರಿ, ನಾನು ನೋಡಿದೀನಿ. ಹೌದು, ಹನ್ನೊಂದು ವರ್ಷ ಸುಮ್ಮನಿದ್ದವನಿಗೆ ಒಂದು ರಾತ್ರಿ ಕಾಯುವುದಕ್ಕೇನು ಧಾಡಿ ಅಂದುಕೊಂಡೆ, ಅವನೇ ಮೊದಲು ಬಂದ, ಬರಲಿ, ಸ್ವಲ್ಪ ಜಗಲಿಯಲ್ಲಿ ಕೂತಿರಲಿ, ಬೆಳಿಗ್ಗೆ ನಿಧಾನವಾಗಿ ನೋಡಿದರಾಯಿತು. ಆ ಮೇಲ್‌ಗೇ ಉತ್ತರ ಬರೀರಿ ಮತ್ತೆ, ಬರೆದೆ, ಒಂಬತ್ತೂವರೆಗೇ ಬರೆದೆ, ಕಟ್ಟೆಯ ಮೇಲ್‌ಗೆ ಬರೆದ ಉತ್ತರ ಕಟ್ಟೆ ನೋಡಿಕೊಳ್ಳುವವನಿಗೇ ಬರುತ್ತದೆ, ಗುರ್ ಎಂದು ಫೋನು ನಡುಗಿತು, ನನ್ನ ಪತ್ರ ನನಗೇ ಬಂತು, ಎಷ್ಟು ಬೇಗ ಬಂತು ನೋಡು, ನನ್ನ ಕಟ್ಟೆಯಲ್ಲಿ ಇಷ್ಟು ಬೇಗ ಯಾವುದೂ ಯಾರಿಗೂ ತಲುಪಿಲ್ಲ. ಹಳೇ ನಂಬರಿಗೆ ಮಾಡಿ ನೋಡ್ರೀ, ಮಾಡಿದೆ ಕಣೇ, ಅದು ಈಗ ಯಾವುದೋ ಶಾಲೆ ಬಸ್ಸಿನವರದು, ಬಸ್ ಹೊರಟಾಯ್ತು ಸರ್ ಮಗೂನ ರೆಡಿ ಮಾಡಿ ಅಂದ. ಅವಳು ಗುಂಡುಸೂಜಿ ತೆಗೆದು ಸೂಜಿದಿಂಬಿಗೆ ಚುಚ್ಚಿ ಒಳಗೆ ಹೋದಳು. ಆದ್ರೆ — ಮೂರು ಚುಕ್ಕಿ. ಫೋನು ತಿರುಗಿಸಿ ನೋಡಿದರೂ ಮೂರೇ ಚುಕ್ಕಿ.

ಹನ್ನೆರಡಕ್ಕೆ ಹತ್ತು ನಿಮಿಷ, ಗೊತ್ತಿಲ್ಲದ ನಂಬರು, ಅಣ್ಣಾ — ನನ್ನ ಎದೆ ಒಂದು ಹೊಲಿಗೆ ತಪ್ಪಿತು — ಹೆಂಗಸಿನ ದನಿ, ಅಣ್ಣಾ ನಾನು ಆಸ್ಪತ್ರೆ ಹೊಲಿಗೆ ಕೋಣೆಯಿಂದ, ಕಟ್ಟೇಲಿ ಬಿಳಿದಾರ ಅಂತ ಇದೀನಲ್ಲ, ಬಾಬಿನ್ ಅವರು ನಿಮ್ ನಂಬರ್ ಕೊಟ್ರು, ಕಟ್ಟೆ ಯಾವಾಗ ಬರುತ್ತಣ್ಣಾ, ಮೆಷಿನ್ ಬಿಚ್ಚಿ ಹರವಿಕೊಂಡು ಕೂತಿದೀನಿ. ಯಾವ ಮೆಷಿನಮ್ಮ, ಆ ಹಳೇ ಎರಡು ಸೂಜಿದು, ತಾತ ಬರೆದಿಟ್ಟಿದ್ರಲ್ಲ ಇಪ್ಪತ್ತಮೂರು ಫೋಟೊ ಹಾಕಿ, ಅದನ್ನ ನೋಡ್ಕೊಂಡು ಬಿಚ್ಚಿದೆ, ನಾಲ್ಕನೇ ಫೋಟೊವರೆಗೆ ಬಂದಿದ್ದೆ, ಪುಟ ಹೋಯ್ತು, ಈಗ ಕೈಯಲ್ಲಿ ಮೂರು ಸ್ಪ್ರಿಂಗ್ ಇದೆ, ಯಾವುದು ಎಲ್ಲಿ ಅಂತ ಗೊತ್ತಿಲ್ಲ, ನಾಳೆ ಬೆಳಿಗ್ಗೆ ಆಪರೇಷನ್ ಕೋಣೆಗೆ ಗವನು ಕೊಡಬೇಕು, ಇರೋದು ಇದೊಂದೇ ಮೆಷಿನ್, ನೀವೇ ಹೇಳ್ಬಿಡಿ ಅಣ್ಣಾ ಫೋನಲ್ಲೇ. ಹೇಳಬಹುದಿತ್ತು, ಆ ಮೆಷಿನ್ ನನಗೆ ಗೊತ್ತಿದ್ದರೆ, ತಾತನ ಹೊರತು ಅದನ್ನು ಬಿಚ್ಚಿದವರು ಯಾರಿದ್ದಾರೆ, ಒಬ್ಬನಿದ್ದ, ತಮ್ಮ, ಎಡಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಕಣ್ಣು ಮುಚ್ಚಿ ಬಿಚ್ಚುತ್ತಿದ್ದ, ಅಪ್ಪ ಬೈಯುತ್ತಿದ್ದರು ಬಲಗೈಯಲ್ಲಿ ಹಿಡಿಯೋ ಅಂತ, ಅಪ್ಪಾ ಬಲಗೈಲಿ ಹಿಡಿದ್ರೆ ಬರೀ ಬಲ ಇರುತ್ತೆ ಬುದ್ಧಿ ಇರಲ್ಲ, ಅಪ್ಪನಿಗೂ ನಗು ತಡೆಯಲಾಗಲಿಲ್ಲ ಅವತ್ತು. ಸ್ಪ್ರಿಂಗನ್ನ ಬೇರೆ ಬೇರೆ ಬಟ್ಟಲಲ್ಲಿ ಇಡಮ್ಮ, ಮುಟ್ಟಬೇಡ, ಎರಡು ಗಂಟೆ ಒಳಗೆ ಏನಾದರೂ ಮಾಡ್ತೀನಿ, ಅಂತ ಹೇಳಿದ್ದು ನಾನೇ, ಬಾಯಿ ತಾನಾಗಿ ಹೇಳಿಬಿಟ್ಟಿತು, ಹೇಳಿದ ಮೇಲೆ ಮಾಡುವುದೇನು ಉಳಿಯಿತು, ಮಂಗಳವಾರದ ಬ್ಯಾಕಪ್ಪಿನಲ್ಲಿ ತಾತನ ಇಪ್ಪತ್ತಮೂರು ಫೋಟೊ ಇವೆ, ಕೆಟ್ಟ ಪುಸ್ತಕದಲ್ಲಿ ಒಂದು ಪತ್ರ ಇದೆ, ಇದ್ದರೆ. ಒಂದು ಕಡೆ ನೂರು ಜನ, ಇನ್ನೊಂದು ಕಡೆ ನನಗೆ ಬಂದ ಒಂದು ಆದ್ರೆ, ಇದರಲ್ಲಿ ತಲೆ ಕೆರೆದುಕೊಳ್ಳುವುದೇನಿದೆ, ಆದರೂ ಹನ್ನೆರಡೂವರೆಯವರೆಗೆ ಫೋನು ಕೈಯಲ್ಲಿ ಹಿಡಿದು ಕೂತೇ ಇದ್ದೆ.

ಆ ಪತ್ರದಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ ಅಂತ ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ. ಅಪ್ಪ ತೀರಿಹೋದ ವರ್ಷ ಅಂಗಡಿಯನ್ನು ಮಹಡಿಯಿಂದ ಕೆಳಗಿನ ಈ ಮಳಿಗೆಗೆ ಇಳಿಸಿದೆವು, ಕೊನೆಗೆ ಉಳಿದದ್ದು ಅಪ್ಪನ ಮೆಷಿನ್, ಎರಕದ ಕಬ್ಬಿಣ, ಇಬ್ಬರು ಗಂಡಸರ ಭಾರ, ಕೆಳಗಿನ ತುದಿಯಲ್ಲಿ ನಾನು, ಮೇಲಿನ ತುದಿಯಲ್ಲಿ ಅವನು, ತಿರುವಿನಲ್ಲಿ ಹದಿನಾಲ್ಕನೇ ಮೆಟ್ಟಿಲಲ್ಲಿ ಜಾರಿತು, ನಾನು ಗೋಡೆಗೆ ಒತ್ತಿಕೊಂಡೆ, ಅದು ನನ್ನ ಪಕ್ಕದಿಂದಲೇ ಇಳಿದು ಹೋಯಿತು, ಒಂದೊಂದೇ ಮೆಟ್ಟಿಲು ಎಣಿಸಿಕೊಂಡು, ಕೆಳಗೆ ಬಿದ್ದು ಸೊಂಟ ಮುರಿದು ಎರಡಾಯಿತು, ಚಕ್ರ ಮಾತ್ರ ಬೀದಿಯವರೆಗೆ ಉರುಳಿತು, ಮೆಟ್ಟಿಲ ತುಂಬ ಜನ, ಎಲ್ಲರೆದುರು ಅಂದೆ, ಅಪ್ಪನ್ನ ಎರಡನೇ ಸಲ ಸಾಯಿಸಿದೆಯಲ್ಲೋ, ಇನ್ನು ಮೇಲೆ ನೀನ್ಯಾರೋ ನಾನ್ಯಾರೋ, ಅವನು ಮೇಲಿನ ಮೆಟ್ಟಿಲಲ್ಲಿ ಎಡಗೈ ಗೋಡೆಯ ಮೇಲೆ ಇಟ್ಟುಕೊಂಡೇ ನಿಂತಿದ್ದ, ಎಡಗೈ ಗೋಡೆಯ ಮೇಲೆ, ಸ್ವಿಚ್ಚಿನ ಮೇಲೆ — ಸ್ವಿಚ್ಚಿನ ಮೇಲೆ ಯಾಕಿತ್ತು ಅಂತ ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ, ತಿರುವಿನಲ್ಲಿ ಕತ್ತಲೆ ಇತ್ತು, ನನಗೆ ಮೆಟ್ಟಿಲು ಕಾಣುತ್ತಿರಲಿಲ್ಲ, ಒಂದು ಕೈ ಬಿಟ್ಟು ದೀಪ ಹಾಕೋ ಅಂತ ಕೂಗಿದ್ದು ನಾನು, ಸ್ವಿಚ್ಚು ಇದ್ದದ್ದು ಎಡಕ್ಕೆ, ಅವನ ಬಲ ಇದ್ದದ್ದು ಎಡಗೈಯಲ್ಲಿ, ಅಣ್ಣ ಹೇಳಿದ, ತಮ್ಮ ಬಿಟ್ಟ. ದೀಪ ಹತ್ತಿತು, ಚೆನ್ನಾಗಿ ಕಂಡಿತು ಬೀಳುವುದು. ಮನೆಯವಳು ಒಂದೇ ಒಂದು ಸಲ, ಒಂದು ವಾರ ಕಳೆದ ಮೇಲೆ, ಬಟ್ಟೆ ಮಡಿಸುತ್ತಾ ಅಂದಿದ್ದಳು, ದೀಪ ಹಾಕು ಅಂತ ಕೂಗಿದ್ದು ನೀವೇ ಅಲ್ವೇನ್ರೀ, ನಾನು ಎರಡು ದಿನ ಮನೆಯಲ್ಲಿ ಊಟ ಮಾಡಲಿಲ್ಲ, ಮೂರನೇ ದಿನ ಅವಳು ಬಡಿಸಿದಳು, ಮತ್ತೆ ಆ ಮಾತು ತೆಗೆಯಲಿಲ್ಲ, ಅವಳ ಒಳ್ಳೆಯತನವನ್ನು ನಾನು ನನ್ನ ಪರವಾದ ತೀರ್ಪು ಎಂದುಕೊಂಡೆ. ಆದ್ರೆ ಅಂದ ಮೇಲೆ ಬರುವುದು ಅದೇ, ಬೇರೆ ಏನು ಬರಲು ಸಾಧ್ಯ, ಅವನು ಇದನ್ನು ಹೊತ್ತುಕೊಂಡು ಹನ್ನೊಂದು ವರ್ಷ ತಿರುಗಿ ಕೊನೆಗೆ ಒಂದು ಬುಧವಾರ ಕಾದು ಒಳಗೆ ಬಂದು ಜಾರಿದ್ದು ನನ್ನಿಂದಲೇ ಅಂತ ತನ್ನ ಪಾಲಿನದ್ದನ್ನು ಮೊದಲು ಇಟ್ಟು ಆಮೇಲೆ ಆದ್ರೆ ಅಂದಿದ್ದಾನೆ, ಓದಲು ಧೈರ್ಯ ಸಾಲಲಿಲ್ಲ ನನಗೆ, ಅಷ್ಟೇ ವಿಷಯ, ಕೆಲಸ ಗಿಲಸ ಏನೂ ಇರಲಿಲ್ಲ. ಹೆದರಿದ್ದೆ.

ಒಂದು ಗಂಟೆಗೆ ಫೋನು ಮಾಡಿ ಮಂಗಳವಾರದ್ದೇ ಹಾಕಮ್ಮ ಅಂದೆ, ಖಚಿತನಾ ಸರ್, ಖಚಿತ, ಹಳೇದು ಹೋಗುತ್ತೆ ಸರ್, ಹೋಗಲಿ, ಏನು ಬರೆದಿದ್ದಾನೋ ನನಗೆ ಗೊತ್ತು ಅಂತ ಬಾಯಿಗೆ ಬಂತು, ಹಾಕು ಅಂತ ಮಾತ್ರ ಅಂದೆ, ಪತ್ರ ಹೋದರೆ ಹೋಯಿತು, ಬರೆದವನಿದ್ದಾನಲ್ಲ, ಕಟ್ಟೆ ಎದ್ದ ತಕ್ಷಣ ಎಡಗೈಗೆ ನಾನೇ ಬರೆಯುತ್ತೇನೆ, ಏನು ಬರೆಯಬೇಕು ಅಂತ ಮನಸ್ಸಿನಲ್ಲೇ ಎರಡು ಸಲ ಹೊಲಿದು ಬಿಚ್ಚಿ ಹೊಲಿದೆ. ಎರಡಕ್ಕೆ ಹತ್ತು ನಿಮಿಷ ಇರುವಾಗ ಪರದೆ ಮಿಟುಕಿತು, ಹಳೇ ಹಸಿರು ಬಣ್ಣ, ತಾತನ ಫೋಟೊ ಎಂದಿನಂತೆ ತಲೆಕೆಳಗೆ, ಬದುಕಿದೆ ಮುದಿ ಪ್ರಾಣಿ, ಹತ್ತು ನಿಮಿಷದಲ್ಲಿ ಮೂವತ್ತು ಜನ, ಏನಾಯ್ತು ಏನಾಯ್ತು, ನನ್ನ ಮೊಣಕಾಲು ಎಲ್ಲಿ ಹೋಯ್ತು ಅಂತ ಬಾಬಿನ್, ಇಷ್ಟು ಬರೆದಿದ್ದೆನಲ್ಲಯ್ಯಾ, ಮತ್ತೆ ಬರೆಯುತ್ತೇನೆ ಇರು, ಅಯ್ಯೋ ಬೇಡ ಅಂತ ನಾಲ್ಕು ಜನ. ಬಿಳಿದಾರ ಅಂತ ಹೆಸರು ಮೇಲೆ ಬಂತು, ತಾತನ ಪುಟದಲ್ಲಿ ನಿಂತಿದ್ದಾಳೆ, ಐದನೇ ಫೋಟೊ, ಆರನೇದು, ನನಗೆ ಗೊತ್ತಾಗುತ್ತದೆ ಯಾರು ಎಲ್ಲಿದ್ದಾರೆ ಅಂತ. ಸರಿ ಎಂದು ಖಾಸಗಿ ಪತ್ರದ ಪುಟ ತೆರೆದು ಯಾರಿಗೆ ಎಂಬ ಜಾಗದಲ್ಲಿ ಎಡಗೈ ಅಂತ ಬರೆದೆ, ಕೆಂಪಾಯಿತು, ತಪ್ಪು ಹೊಡೆದೆನೇನೋ, ಮತ್ತೆ ಬರೆದೆ, ಕೆಂಪು, ಸದಸ್ಯರ ಪಟ್ಟಿ ತೆರೆದು ಎ ಅಕ್ಷರದಲ್ಲಿ ಹುಡುಕಿದೆ, ಎಣ್ಣೆಡಬ್ಬಿ ಇದ್ದಾನೆ, ಎಳೆ ಇದ್ದಾಳೆ, ಎಡಗೈ ಇಲ್ಲ, ಯಾಕಿಲ್ಲ, ಬುಧವಾರ ನಾನೇ ಕೈಯಾರೆ — ಬುಧವಾರ. ಬ್ಯಾಕಪ್ಪು ಮಂಗಳವಾರದ್ದು. ಪತ್ರ ಹೋಗುತ್ತದೆ ಅಂತ ಮಾತ್ರ ಯೋಚಿಸಿದ್ದೆ, ಬೆಳಿಗ್ಗೆಯಿಂದ ಅದನ್ನೇ ಅಳೆದು ಸುರಿದು ಕೂತಿದ್ದೆ, ಮನುಷ್ಯನೇ ಹೋಗುತ್ತಾನೆ ಅಂತ ಹೊಳೆಯಲಿಲ್ಲ, ಅವನ ಮೇಲ್ ವಿಳಾಸ ಇದ್ದದ್ದು ಆ ಪುಸ್ತಕದಲ್ಲಿ, ನನಗೆ ಬಂದದ್ದು ಹೆಸರು ಮತ್ತು ಉತ್ತರ ಅಷ್ಟೇ. ಗೋಡೆಯ ಗಡಿಯಾರದಲ್ಲಿ ಎರಡೂ ಇಪ್ಪತ್ತು, ಹಳೇ ಸರ್ವರ್ ಈಗ ಬರೀ ತಗಡು.

ಬಂದೇ ಬರುತ್ತಾನೆ, ಉತ್ತರ ಬಂತೇ ನೋಡಲು ಬಂದೇ ಬರುತ್ತಾನೆ, ಅಂತ ಯಾರು ಒಳಗೆ ಬರಲು ಯತ್ನಿಸಿದರು ಎಂದು ತೋರಿಸುವ ಪಟ್ಟಿ ತೆರೆದಿಡಬೇಕಿತ್ತು, ತೆರೆಯುವಷ್ಟರಲ್ಲಿ ಬಿಳಿದಾರ ಫೋನು ಮಾಡಿದಳು, ಹೊಲಿಗೆ ಬಂತು ಅಣ್ಣಾ, ಬರ್ದೂ ಹಾಕಿದೀನಿ ನೋಡಿ, ನಿಮ್ಮ ಉಪಕಾರ ಮರೆಯಲ್ಲ, ಫೋನು ಹತ್ತಿರ ಹಿಡಿದು ಮೆಷಿನ್ ಓಡುವ ಸದ್ದು ಕೇಳಿಸಿದಳು, ಚೆನ್ನಾಗಿ ಓಡುತ್ತಿತ್ತು, ಒಳ್ಳೆಯದಾಗಲಮ್ಮ ಅಂದೆ, ನಿಜವಾಗಿ ಅಂದೆ, ಫೋನಿಟ್ಟು ಪಟ್ಟಿ ತೆರೆದೆ. ಎಡಗೈ, ಇಲ್ಲದ ಸದಸ್ಯ, 2:36. ಎಡಗೈ, ಇಲ್ಲದ ಸದಸ್ಯ, 2:39. ಎಡಗೈ, ಇಲ್ಲದ ಸದಸ್ಯ, 2:41. ಆಮೇಲೆ ಇಲ್ಲ. ಆಗ ಎರಡೂ ಐವತ್ತೈದು. ಇಲ್ಲದವರು ಬಂದಾಗ ಕಟ್ಟೆ ಒಂದು ಮಾತು ಹೇಳಿ ಕಳಿಸುತ್ತದೆ, ಆ ಮಾತನ್ನು ಕನ್ನಡದಲ್ಲಿ ಬರೆದಿಟ್ಟವನು ನಾನು, ಔಷಧದವರ ಮೇಲಿನ ಸಿಟ್ಟಿನಲ್ಲಿ, ಬಾಬಿನ್ ಓದಿ ಚಪ್ಪಾಳೆ ಹೊಡೆದಿದ್ದ — ಈ ಹೆಸರಿನವರು ಯಾರೂ ನಮಗೆ ಗೊತ್ತಿಲ್ಲ, ಬಂದ ದಾರಿ ನೋಡಿಕೊಳ್ಳಿ. ಮೂರು ಸಲ. ಬರೆದ ಪತ್ರವೂ ಇಲ್ಲ, ಬರೆದವನೂ ಇಲ್ಲ, ಅಣ್ಣ ಓದಿದ, ಓದಿ ಅಳಿಸಿದ, ಬಾಗಿಲು ಹಾಕಿದ, ಅಂತಲ್ಲದೆ ಇನ್ನೇನಂತ ತಿಳಿದುಕೊಳ್ಳುತ್ತಾನೆ. ರೀ, ಏನಾಯ್ತುರೀ, ಮನೆಯವಳು ಬಂದು ಬೆನ್ನ ಹಿಂದೆ ನಿಂತಿದ್ದಾಳೆ, ಬಂದಿದ್ದ ಕಣೇ, ಮೂರು ಸಲ ಬಾಗಿಲು ತಟ್ಟಿದ, ನಾನು ಒಳಗೇ ಇದ್ದೆ. ಅವಳು ನನ್ನ ಹೆಗಲ ಮೇಲೆ ಕೈ ಇಟ್ಟಳು, ಇನ್ನೊಂದು ಸಲ ಬಂದ್ರೆ ಅವನಿಗೆ ಏನು ಕಾಣುತ್ತೆ, ಇದೇ ಕಾಣುತ್ತೆ, ಹಾಗಾದ್ರೆ ಅದನ್ನ ಮೊದಲು ತೆಗೀರಿ.

ತೆಗೆದೆ. ಆ ಸಾಲಿನ ಜಾಗದಲ್ಲಿ ಏನು ಬರೆಯಬೇಕು, ಹೆಸರು ತಪ್ಪು ಹೊಡೆದ ಪ್ರತಿಯೊಬ್ಬರಿಗೂ ಕಾಣುತ್ತದೆ, ಔಷಧದವರಿಗೂ ಕಾಣುತ್ತದೆ, ಊರಿಗೆಲ್ಲ ಕಾಣುತ್ತದೆ, ಕಾಣಲಿ, ಅವತ್ತು ಮೆಟ್ಟಿಲ ತುಂಬ ಜನ ಇದ್ದರಲ್ಲ — ದೀಪ ಹಾಕು ಅಂತ ಕೂಗಿದವನು ನಾನೇ ಕಣೋ. ತಪ್ಪು ನನ್ನದು. ಒಳಗೆ ಬಾ. ಬರೆದು ಉಳಿಸಿದೆ, ಬಲ ಬದಿಯ ಚೌಕದಲ್ಲಿ ಹೊಸಬರ ಬಾಗಿಲು ಬುಧವಾರ ಎಂದಿದ್ದುದನ್ನು ಅಳಿಸಿ ತೆರೆದಿಟ್ಟೆ, ಹತ್ತು ನಿಮಿಷಕ್ಕೇ ಕೂದಲಿನ ಔಷಧದವರು ನಾಲ್ಕು ಜನ ಬಂದು ಸಾಲು ನಿಂತರು, ನಿಲ್ಲಲಿ. ಮೂರೂ ಕಾಲಿಗೆ ಬಾಬಿನ್, ಏನಯ್ಯಾ, ಕನ್ನಡಕ ಇಲ್ಲದೆ ಹೆಸರು ತಪ್ಪು ಹೊಡೆದ್ರೆ ದೀಪ ಹಾಕು ಅಂತಿದೆಯಲ್ಲ, ಯಾವ ದೀಪ, ಯಾರ ತಪ್ಪು, ನನ್ನನ್ನ ಕಣೋ ಅಂತೀಯಲ್ಲಯ್ಯಾ, ನನಗೆ ಎಪ್ಪತ್ತೊಂದು, ಆಮೇಲೆ ಅವನೇ, ಏನೋ ಇದೆ, ಇರ್ಲಿ ಬಿಡು, ಯಾರಿಗೂ ಹೇಳಲ್ಲ ಅಂದ, ಕೆಮ್ಮಲಿಲ್ಲ ನಗಲಿಲ್ಲ. ಮನೆಯವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದಾಳೆ, ಹೋಟೆಲಿನ ಪರದೆ ಅವಳ ಮಡಿಲಲ್ಲಿ ಅರ್ಧ ಹೊಲಿದದ್ದು, ಪಟ್ಟಿಯನ್ನು ಮತ್ತೆ ತರಿಸುತ್ತೇನೆ, ಹೊಸ ಸಾಲೊಂದು ಬಂತು, ಇಬ್ಬರೂ ಮುಂದಕ್ಕೆ ಬಾಗಿದೆವು, ಬಾಬಿನನ್ ಅಂತ ಇದೆ, ಮುದುಕ ಇನ್ನೂ ಕನ್ನಡಕ ಹುಡುಕಿಕೊಂಡಿಲ್ಲ, ಅದರ ಕೆಳಗೆ ಖಾಲಿ, ಮತ್ತೆ ತರಿಸುತ್ತೇನೆ, ಮೇಲಿನದೆಲ್ಲ ಹಾಗೇ ಇದೆ, ಎಡಗೈ, 2:41, ಕಟ್ಟೆಯ ಗಡಿಯಾರ ಏಳು ನಿಮಿಷ ಹಿಂದಿರುವುದರಿಂದ ನಿಜಕ್ಕೆ 2:48, ಆಗ ನಾನು ಆಸ್ಪತ್ರೆಯವಳ ಮೆಷಿನ್ನಿನ ಸದ್ದು ಕೇಳುತ್ತಿದ್ದೆ, ಮತ್ತೆ ತರಿಸುತ್ತೇನೆ, ಎಡಗೈ, 2:41, ರೀ ಬರ್ತಾನೆ ಇರಿ, ಎಡಗೈ, ಇಲ್ಲದ ಸದಸ್ಯ, 2:41, ಮತ್ತೆ — 2:41.